ಜೋಗದ ನೀರು ಯಾರ ಖಾತೆಗೆ?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಜೋಗಕ್ಕೆ ಹೋಗಿ ಬಂದವರಲ್ಲಿ ಎರಡು ಪಂಗಡಗಳಿವೆ. "ಅಬ್ಬಬ್ಬಾ, ಏನು ನೀರು! ಪಕ್ಕದಲ್ಲಿ ನಿಂತವರು ಮಾತಾಡಿದ್ದೂ ಕೇಳಿಸಲಿಲ್ಲ" ಎನ್ನುವವರು ಒಂದು ಪಂಗಡ. "ಏನಿದೆ ಅಲ್ಲಿ? ಬರೀ ಬಂಡೆ, ಅದರ ಮೇಲೆ ನಾಲ್ಕು ದಾರದಷ್ಟು ನೀರು" ಎನ್ನುವವರು ಇನ್ನೊಂದು. ನಮ್ಮ ಮನೆಯಲ್ಲಿ ಅಬ್ಬಾ ಮೊದಲನೆಯ ಪಂಗಡ, ಖಾಲಾ ಎರಡನೆಯದು. ಪ್ರತಿ ಈದ್‌ಗೆ ಎಲ್ಲರೂ ಸೇರಿದಾಗ ಬಿರಿಯಾನಿ ಮುಗಿದ ಮೇಲೆ ಈ ಜಗಳ ಇದ್ದೇ ಇರುತ್ತದೆ. ಅಬ್ಬಾ ಹೋಗಿದ್ದು ಒಂದು ಆಗಸ್ಟ್‌ನಲ್ಲಿ, ಖಾಲಾ ಹೋಗಿದ್ದು ಏಪ್ರಿಲ್‌ನಲ್ಲಿ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ.

ಈ ವರ್ಷದ ಕಾಲೇಜು ಪ್ರವಾಸ ಮಲೆನಾಡಿನ ಜಲಪಾತಗಳಿಗೆ ಎಂದು ನೋಟಿಸ್ ಬೋರ್ಡಿನಲ್ಲಿ ಬಂದ ದಿನ ನಮ್ಮ ತರಗತಿಯಲ್ಲೂ ಇದೇ ಜಗಳ ಶುರುವಾಯಿತು. ಈಗಲೇ, ಈ ಜುಲೈ ಮಳೆಯಲ್ಲೇ ಹೋಗೋಣ ಎಂದವರಿದ್ದಾರೆ. ಪರೀಕ್ಷೆ ಮುಗಿಸಿ ಮಾರ್ಚ್‌ನಲ್ಲಿ ಹೋಗೋಣ ಎಂದವರೂ ಇದ್ದಾರೆ. ಯಾವಾಗ ಹೋಗಬೇಕು ಎಂಬುದಕ್ಕೆ ಉತ್ತರ ಹುಡುಕುತ್ತಾ ಹೋದರೆ ಅದು ಬರೀ ಮಳೆಯ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ ಎಂದು ಗೊತ್ತಾಗುತ್ತದೆ. ಲೆಕ್ಕ ಎಂದ ಮೇಲೆ ಕಾಮರ್ಸ್‌ನವರು ಸುಮ್ಮನಿರುವುದು ಹೇಗೆ? ಅದಕ್ಕೇ ಈ ಲೇಖನ.

ಮೊದಲು ಬೆಟ್ಟದ ಆಕಾರ ನೋಡೋಣ. ಪಶ್ಚಿಮ ಘಟ್ಟ ಎಂದರೆ ಎರಡೂ ಕಡೆ ಒಂದೇ ರೀತಿ ಇಳಿಜಾರಿರುವ ಬೆಟ್ಟ ಎಂದು ಚಿತ್ರ ಬರೆಯುವುದು ರೂಢಿ. ಆದರೆ ನಮ್ಮ ಶಿವಮೊಗ್ಗದಿಂದ ಸಾಗರದ ಕಡೆ ಬಸ್ಸಿನಲ್ಲಿ ಹೋದರೆ ದೊಡ್ಡ ಘಟ್ಟ ಹತ್ತಿದ ಹಾಗೇ ಅನಿಸುವುದಿಲ್ಲ. ಸಾಗರ ದಾಟಿ, ತಾಳಗುಪ್ಪ ದಾಟಿ, ಜೋಗ ದಾಟಿ ಹೊನ್ನಾವರದ ದಾರಿ ಹಿಡಿದ ಮೇಲೆ ಗೇರುಸೊಪ್ಪೆ ಘಾಟಿಯ ತಿರುವುಗಳು ಬರುತ್ತವೆ. ಆಗ ಕಿವಿ ಗುಂಯ್ ಎನ್ನುತ್ತದೆ, ಹಿಂದಿನ ಸೀಟಿನ ಮಕ್ಕಳು ವಾಂತಿ ಮಾಡುತ್ತಾರೆ. ಅಂದರೆ ನಾವಿರುವುದು ಒಂದು ದೊಡ್ಡ ಮೇಜಿನ ಮೇಲೆ. ಅದರ ಪಶ್ಚಿಮದ ಅಂಚು ಕತ್ತರಿಸಿದ ಹಾಗಿದೆ. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಈ ಅಂಚಿಗೆ ತಾಗಿ ಮೇಲೇರುತ್ತದೆ, ಮೇಲೇರಿ ತಣ್ಣಗಾಗುತ್ತದೆ, ಹೊತ್ತು ತಂದ ನೀರನ್ನು ಅಲ್ಲೇ ಸುರಿಯುತ್ತದೆ. ಅಂಚಿನ ಮೇಲೇ ಇರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ. ನಮ್ಮ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ.

ಘಟ್ಟದಲ್ಲಿ ಹುಟ್ಟುವ ತುಂಗಾ, ಭದ್ರಾ, ಕಾವೇರಿ ಪೂರ್ವಕ್ಕೆ ಹರಿದು ನೂರಾರು ಕಿಲೋಮೀಟರ್ ನಿಧಾನವಾಗಿ ಇಳಿಯುತ್ತವೆ. ಶರಾವತಿ, ಅಘನಾಶಿನಿ, ಬೇಡ್ತಿ, ಕಾಳಿ ಹಾಗಲ್ಲ, ಇವು ಪಶ್ಚಿಮಕ್ಕೆ ಹೋಗುವ ನದಿಗಳು. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುವವರೆಗೆ ಹರಿಯುವುದು ಸುಮಾರು 128 ಕಿ.ಮೀ. ಮಾತ್ರ. ಅಷ್ಟರಲ್ಲಿ ಮೇಜಿನ ಮೇಲಿಂದ ನೆಲಕ್ಕೆ ಬರಬೇಕು. ಅದಕ್ಕೆ ಧುಮುಕದೆ ಬೇರೆ ದಾರಿಯಿಲ್ಲ. ಜೋಗದಲ್ಲಿ ಅದು 253 ಮೀಟರ್, ಅಂದರೆ 830 ಅಡಿ ಧುಮುಕುತ್ತದೆ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳ ಹೆಸರು ಪ್ರೈಮರಿ ಶಾಲೆಯಿಂದಲೇ ಎಲ್ಲರಿಗೂ ಬಾಯಿಪಾಠ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. 'ನಿತ್ಯೋತ್ಸವ' ಬರೆದ ನಿಸಾರ್ ಅಹಮದ್ ಅವರು ಕನ್ನಡದ ಮೇಷ್ಟ್ರಲ್ಲ, ಭೂವಿಜ್ಞಾನದ ಮೇಷ್ಟ್ರು. ನಮ್ಮ ಊರಿನ ಸಹ್ಯಾದ್ರಿ ಕಾಲೇಜಿನಲ್ಲೂ ಪಾಠ ಮಾಡಿದವರು. ಜೋಗವನ್ನು ಹಾಡಿನಲ್ಲಿ ತಂದವರಿಗೆ ಅಲ್ಲಿನ ಕಲ್ಲಿನ ವಿಷಯವೂ ಚೆನ್ನಾಗಿ ಗೊತ್ತಿತ್ತು ಎನ್ನುವುದು ನನಗೆ ಖುಷಿ ಕೊಡುವ ಸಂಗತಿ. ನಮ್ಮ ಉರ್ದು ಪುಸ್ತಕದಲ್ಲಿ ಜಲಪಾತಕ್ಕೆ 'ಆಬ್ಶಾರ್' ಎಂಬ ಚೆಂದದ ಪದವಿದೆ. ಮಲೆನಾಡಿನವರು 'ಅಬ್ಬಿ' ಎನ್ನುತ್ತಾರೆ. ಮನೆಯಲ್ಲಿ ಮಾತ್ರ ಯಾರೂ ಎರಡನ್ನೂ ಬಳಸುವುದಿಲ್ಲ, ಎಲ್ಲ ಜಲಪಾತಕ್ಕೂ 'ಫಾಲ್ಸ್' ಅಷ್ಟೇ.

ಈಗ ಲೆಕ್ಕಕ್ಕೆ ಬರೋಣ. ಜಮಾ, ಖರ್ಚು, ಬಾಕಿ, ವಸೂಲಿ ಇವೆಲ್ಲ ನಮ್ಮ ಮನೆಮಾತಿನಿಂದಲೇ ಕನ್ನಡದ ಲೆಕ್ಕದ ಪುಸ್ತಕಕ್ಕೆ ಬಂದ ಪದಗಳು, ಹಾಗಾಗಿ ಸಲೀಸಾಗಿ ಬಳಸುತ್ತೇನೆ. ಜೋಗಕ್ಕೆ ಸುಮಾರು 6 ಕಿ.ಮೀ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ. 1964ರಲ್ಲಿ ಕಟ್ಟಿದ್ದು. ಇದರ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಜೂನ್‌ನಲ್ಲಿ ಇರುವ ನೀರು ಆರಂಭಿಕ ಶಿಲ್ಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಜಮಾ. ವರ್ಷವಿಡೀ ವಿದ್ಯುತ್ತಿಗೆ ಖರ್ಚು. ಈ ಖರ್ಚಾಗುವ ನೀರು ಜೋಗದ ಬಂಡೆಯ ಮೇಲೆ ಹೋಗುವುದಿಲ್ಲ. ಅದು ಕಾಲುವೆಯಲ್ಲಿ ತಲಕಳಲೆ ಎಂಬ ಇನ್ನೊಂದು ಜಲಾಶಯಕ್ಕೆ ಹೋಗಿ, ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ಕೆಳಗಿಳಿದು, ಶರಾವತಿ ವಿದ್ಯುದಾಗಾರದ 10 ಯಂತ್ರಗಳನ್ನು ತಿರುಗಿಸಿ, ಗೇರುಸೊಪ್ಪೆಯ ಕಡೆ ಹೊರಬರುತ್ತದೆ. ಅಂದರೆ ನೀರು ಜಲಪಾತವನ್ನು ಬಳಸಿಕೊಂಡು ಪಕ್ಕದ ದಾರಿಯಲ್ಲಿ ಹೋಗುತ್ತದೆ. ಹಾಗಾದರೆ ಜೋಗಕ್ಕೆ ಸಿಗುವುದೇನು? ಅಣೆಕಟ್ಟಿಗೂ ಜಲಪಾತಕ್ಕೂ ನಡುವಿನ ಜಾಗದಲ್ಲಿ ಬಿದ್ದ ಮಳೆ, ಮತ್ತು ಅಣೆಕಟ್ಟು ತುಂಬಿದ ಮೇಲೆ ಗೇಟು ತೆಗೆದು ಬಿಡುವ ಹೆಚ್ಚುವರಿ ನೀರು.

ಜೋಗ ಉಕ್ಕುವುದು ಖಾತೆ ತುಂಬಿ ಚೆಲ್ಲಿದಾಗ. 2023ರಲ್ಲಿ ಮಳೆ ಕೈಕೊಟ್ಟಿತು, ಲಿಂಗನಮಕ್ಕಿ ತುಂಬಲಿಲ್ಲ. ಆ ವರ್ಷ ಹೋದವರಿಗೆ ಅಬ್ಬಾ ಹೇಳುವ ಜೋಗ ಕಾಣಿಸಿರಲಿಕ್ಕಿಲ್ಲ. ಮರುವರ್ಷ ಆಗಸ್ಟ್ ಮೊದಲಲ್ಲೇ ಗೇಟು ತೆಗೆದರು. ಖಾಲಾ ಹೋದ ಏಪ್ರಿಲ್‌ನಲ್ಲಿ ಮಳೆಯೂ ಇಲ್ಲ, ಚೆಲ್ಲಲು ನೀರೂ ಇಲ್ಲ. ಇರುವ ಶಿಲ್ಕನ್ನು ಜೂನ್‌ವರೆಗೆ ತಳ್ಳಬೇಕು. ಆದ್ದರಿಂದ ಜೋಗಕ್ಕೆ ಹೋಗುವವರು ಹವಾಮಾನದ ಆ್ಯಪ್‌ಗಿಂತ ಮೊದಲು ನೋಡಬೇಕಾದ್ದು ಪತ್ರಿಕೆಯಲ್ಲಿ ಮಳೆಗಾಲದಲ್ಲಿ ದಿನವೂ ಬರುವ ಜಲಾಶಯದ ಮಟ್ಟ. ಷೇರು ಬೆಲೆ ನೋಡುವವರ ಹಾಗೆ ನಾನು ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. 1819ಕ್ಕೆ ಹತ್ತಿರ ಬಂದರೆ ಬ್ಯಾಗ್ ಕಟ್ಟಬಹುದು.

ಜಲಪಾತವನ್ನು ವಿದ್ಯುತ್ ಮಾಡುವ ಕೆಲಸ ನಮ್ಮ ರಾಜ್ಯದಲ್ಲಿ ಹೊಸದಲ್ಲ. 1902ರಲ್ಲೇ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಜೋಗದಲ್ಲಿ ಮೊದಲ ವಿದ್ಯುದಾಗಾರ 1948ರದ್ದು, ಈಗ ಅದಕ್ಕೆ ಮಹಾತ್ಮ ಗಾಂಧಿ ಹೆಸರಿದೆ. ಅದಕ್ಕಾಗಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿಯ ಹಿನ್ನೀರಿನಲ್ಲೇ ಮುಳುಗಿದೆ. ನೀರು ತುಂಬಾ ಇಳಿದ ಬೇಸಿಗೆಯಲ್ಲಿ ಅದು ಕಾಣುತ್ತದಂತೆ. ಅಣೆಕಟ್ಟನ್ನೇ ಇನ್ನೊಂದು ಅಣೆಕಟ್ಟು ಮುಳುಗಿಸಿದ್ದು! ಶರಾವತಿ ವಿದ್ಯುದಾಗಾರ ಒಂದೇ 1035 ಮೆಗಾವಾಟ್‌ನದು.

1035 ಮೆಗಾವಾಟ್ ಎಂದರೆ ನನಗೆ ಏನೂ ಅನಿಸುವುದಿಲ್ಲ, ನಿಮಗೂ ಅನಿಸಲಿಕ್ಕಿಲ್ಲ. ಅದಕ್ಕೆ ಸೈನ್ಸ್ ವಿಭಾಗದ ಗೆಳತಿಯನ್ನು ಕೂರಿಸಿಕೊಂಡು ಒಂದು ಲೆಕ್ಕ ಮಾಡಿದೆ. 1000 ಲೀಟರ್ ನೀರು, ಅಂದರೆ ನಮ್ಮ ಮನೆಯ ತಾರಸಿಯ ಮೇಲಿರುವ ಕಪ್ಪು ಟ್ಯಾಂಕಿನಷ್ಟು ನೀರು, ಜೋಗದಷ್ಟು ಎತ್ತರದಿಂದ ಬಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 0.69 ಯೂನಿಟ್. ಯಂತ್ರದಲ್ಲಿ ಸ್ವಲ್ಪ ನಷ್ಟ ಕಳೆದು 0.6 ಎಂದಿಟ್ಟುಕೊಳ್ಳೋಣ. ನಮ್ಮ ಮನೆಯಲ್ಲಿ ದಿನಕ್ಕೆ ಸುಮಾರು 3 ಯೂನಿಟ್ ಖರ್ಚು. ಅಂದರೆ ದಿನಕ್ಕೆ ಐದು ಟ್ಯಾಂಕು, ತಿಂಗಳಿಗೆ 150 ಟ್ಯಾಂಕು ನೀರು ಜೋಗದಿಂದ ಬೀಳಬೇಕು. ಅದೂ ಒಂದು ಮನೆಗೆ. ನಮ್ಮ ಬೀದಿಯಲ್ಲೇ ನಲವತ್ತು ಮನೆಗಳಿವೆ. ನಿಜ, ನಮಗೆ ಬರುವ ಕರೆಂಟೆಲ್ಲ ಶರಾವತಿಯದಲ್ಲ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನದ್ದಿದೆ, ಪಾವಗಡದ ಬಿಸಿಲಿನದ್ದಿದೆ. ಆದರೆ ನೀರಿನ ವಿದ್ಯುತ್ತಿಗೆ ಒಂದು ಗುಣವಿದೆ. ಕಲ್ಲಿದ್ದಲಿನ ಸ್ಥಾವರವನ್ನು ಬೇಕೆಂದಾಗ ಥಟ್ಟನೆ ಶುರು ಮಾಡಲು ಆಗುವುದಿಲ್ಲ, ಬಿಸಿಲು ಸಂಜೆಗೆ ಇರುವುದಿಲ್ಲ. ನೀರಿನ ಯಂತ್ರ ಕೆಲವೇ ನಿಮಿಷದಲ್ಲಿ ಚಾಲೂ ಆಗುತ್ತದೆ. ಸಂಜೆ ಏಳಕ್ಕೆ ಎಲ್ಲರೂ ಲೈಟು, ಟಿವಿ, ಮಿಕ್ಸಿ ಹಾಕಿದಾಗ ಕೈಗೆ ಸಿಗುವ ನಗದು ಅದು. ಬ್ಯಾಂಕಿನಲ್ಲಿ ಎಷ್ಟು ಠೇವಣಿ ಇದ್ದರೂ ಜೇಬಿನಲ್ಲಿ ನಗದು ಬೇಕಲ್ಲ, ಹಾಗೆ.

ಅರ್ಥಶಾಸ್ತ್ರದ ಪಾಠದಲ್ಲಿ 'ಅವಕಾಶ ವೆಚ್ಚ' ಬರುತ್ತದೆ. ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಡಬೇಕಾದ ಇನ್ನೊಂದರ ಬೆಲೆ. ಪುಸ್ತಕದಲ್ಲಿ ಗೋಧಿ, ಭತ್ತದ ಉದಾಹರಣೆ ಇರುತ್ತದೆ. ನನಗೆ ಅದು ಸರಿಯಾಗಿ ತಲೆಗೆ ಹತ್ತಿದ್ದು ಜೋಗದಿಂದ. ಖಾಲಾ ನೋಡದೆ ಹೋದ ಜಲಪಾತ ಅವರ ಮನೆಯ ಫ್ರಿಜ್ಜಿನಲ್ಲಿತ್ತು. ಗೃಹಜ್ಯೋತಿ ಬಂದ ಮೇಲೆ ನಮ್ಮಂಥ ಮನೆಗಳ ಬಿಲ್ಲಿನಲ್ಲಿ ಸೊನ್ನೆ ಬರುತ್ತದೆ. ಬಿಲ್ಲು ಸೊನ್ನೆ ಎಂದರೆ ವೆಚ್ಚ ಸೊನ್ನೆ ಎಂದಲ್ಲ, ಬೇರೆಯವರು ಕೊಟ್ಟಿದ್ದಾರೆ ಎಂದು. ಸರ್ಕಾರ ಕೊಡುವುದು ಒಂದು ಭಾಗ. ಇನ್ನೊಂದು ಭಾಗ ಕೊಟ್ಟವರು ಬೇರೆ ಇದ್ದಾರೆ.

ನಮ್ಮ ನಾನಿಗೆ ಪ್ರತಿವರ್ಷ ಉಪ್ಪಿನಕಾಯಿಗೆ ಅಪ್ಪೆಮಿಡಿ ತಂದುಕೊಡುವ ಒಬ್ಬ ಅಜ್ಜ ಇದ್ದಾರೆ. ಅಪ್ಪೆಮಿಡಿ ಎಂದರೆ ಮಲೆನಾಡಿನ ಹೊಳೆದಂಡೆಯ ಮರಗಳಲ್ಲಿ ಬಿಡುವ ಪರಿಮಳದ ಎಳೆಮಾವು. ಚೀಲ ಇಳಿಸಿ, ನೀರು ಕುಡಿದು, ಅಂಗಳದ ಕಟ್ಟೆಯ ಮೇಲೆ ಕೂತು ಅವರು ನಾನಿಯ ಜೊತೆ ಒಂದು ಗಂಟೆ ಮಾತಾಡುತ್ತಾರೆ. ನಾನಿಯ ಕನ್ನಡ ಅರ್ಧ ಉರ್ದು, ಆದರೂ ಇಬ್ಬರಿಗೂ ಎಲ್ಲ ಅರ್ಥವಾಗುತ್ತದೆ. ಅವರ ಊರು ಈಗ ಲಿಂಗನಮಕ್ಕಿ ಹಿನ್ನೀರಿನ ಕೆಳಗಿದೆ. ಆಗ ಅವರಿಗೆ ಎಂಟೋ ಒಂಬತ್ತೋ ವರ್ಷ. "ಲಾರಿ ಬಂತು ಮಗಾ. ಪಾತ್ರೆ, ಎಮ್ಮೆಕರು, ನಮ್ಮನ್ನೆಲ್ಲ ಹೇರಿಕೊಂಡು ಹೋಗಿ ಕಾಡಲ್ಲಿ ಇಳಿಸಿದರು. ಇಲ್ಲೇ ಮನೆ ಕಟ್ಟಿಕೊಳ್ಳಿ ಅಂದರು" ಎಂದು ನನಗೆ ಹೇಳಿದರು. ಇಳಿಸಿದ ಜಾಗ ಕಾಗದದಲ್ಲಿ ಅರಣ್ಯವಾಗಿಯೇ ಉಳಿದಿದೆ. ಅರವತ್ತು ವರ್ಷ ದಾಟಿದರೂ ಅವರ ಹೆಸರಿಗೆ ಹಕ್ಕುಪತ್ರ ಇಲ್ಲ. ಹಕ್ಕುಪತ್ರ ಇಲ್ಲ ಎಂದರೆ ಬ್ಯಾಂಕಿನಲ್ಲಿ ಸಾಲ ಇಲ್ಲ, ಮಗನಿಗೆ ಪಾಲು ಮಾಡಿಕೊಡಲು ಬರುವುದಿಲ್ಲ, ಮಾರಲೂ ಬರುವುದಿಲ್ಲ.

ಇದು ಅವರೊಬ್ಬರ ಕತೆಯಲ್ಲ. ಸುಮಾರು 300 ಚದರ ಕಿ.ಮೀ. ನೆಲ ಮುಳುಗಿದಾಗ ಸಾವಿರಾರು ಕುಟುಂಬಗಳು ಹೀಗೆ ಎದ್ದು ಬಂದವು. ಅವರ ಭೂಮಿಯ ಪ್ರಶ್ನೆ ಈಗಲೂ ಕೋರ್ಟು, ಸರ್ಕಾರ, ಅರಣ್ಯ ಕಾಯ್ದೆಗಳ ನಡುವೆ ಓಡಾಡುತ್ತಲೇ ಇದೆ. ನಾನು ಅಜ್ಜನನ್ನು "ಜೋಗ ನೋಡಿದ್ದೀರಾ?" ಎಂದು ಕೇಳಿದೆ. "ಅಣೆಕಟ್ಟಿಗೆ ಮೊದಲು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೆ" ಎಂದರು. ಆಮೇಲೆ ಹೋಗಿಲ್ಲವಂತೆ. ಮಿಡಿ ಎಣಿಸಿ ಕೊಟ್ಟು ದುಡ್ಡು ತೆಗೆದುಕೊಂಡು ಹೋದರು.

ಇಷ್ಟು ಓದಿ ಅಣೆಕಟ್ಟು ಬೇಡವಾಗಿತ್ತು ಎಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ನಾನೂ ರಾತ್ರಿ ಅದೇ ಕರೆಂಟಿನಲ್ಲಿ ಓದುವವಳು. ನನ್ನ ಮಾತು ಇಷ್ಟೇ: ಲಾಭದ ಕಡೆ ಬರೆದದ್ದನ್ನೆಲ್ಲ ವೆಚ್ಚದ ಕಡೆಯೂ ಬರೆಯಬೇಕು, ಬಾಕಿ ಇದ್ದರೆ ಬಾಕಿ ಎಂದು ಬರೆಯಬೇಕು. ಈಗ ಅದೇ ಕಣಿವೆಯಲ್ಲಿ 2000 ಮೆಗಾವಾಟ್‌ನ ಇನ್ನೊಂದು ಯೋಜನೆಯ ಚರ್ಚೆ ಜೋರಾಗಿದೆ. ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಕರೆಂಟು ಅಗ್ಗವಾಗಿ ಸಿಗುವ ಹೊತ್ತಿನಲ್ಲಿ ಪಂಪ್ ಮಾಡಿ ಮೇಲಿನ ತಲಕಳಲೆಗೆ ಏರಿಸುವುದು, ಬೇಡಿಕೆ ಹೆಚ್ಚಿದಾಗ ಅದನ್ನೇ ಕೆಳಗೆ ಬಿಟ್ಟು ವಿದ್ಯುತ್ ಮಾಡುವುದು. ಏರಿಸಲು ಬೇಕಾದ ವಿದ್ಯುತ್ತು ಇಳಿಸಿದಾಗ ಸಿಗುವುದಕ್ಕಿಂತ ಹೆಚ್ಚು. ಆದರೂ ಅಗ್ಗಕ್ಕೆ ಕೊಂಡು ದುಬಾರಿ ಹೊತ್ತಿನಲ್ಲಿ ಮಾರುವ ವ್ಯಾಪಾರವಾದ್ದರಿಂದ ಗಿಟ್ಟುತ್ತದೆ ಎನ್ನುತ್ತಾರೆ. ಆ ಕಾಡು ಸಿಂಗಳೀಕಗಳ ಅಭಯಾರಣ್ಯ. ಸುರಂಗ ಕೊರೆದರೆ, ಮರ ಕಡಿದರೆ ಏನಾಗುತ್ತದೆ ಎಂದು ಅಲ್ಲಿಯ ಜನ ಕೇಳುತ್ತಿದ್ದಾರೆ. ಪ್ರವಾಸಕ್ಕೆ ಹೋದಾಗ ಜೋಗದ ಪೋಟೋ ತೆಗೆಯುವುದರ ಜೊತೆಗೆ ಅಲ್ಲಿನ ಚಹಾ ಅಂಗಡಿಯವರನ್ನು ಈ ಬಗ್ಗೆ ಕೇಳಿ ನೋಡಿ. ಪರ, ವಿರೋಧ ಎರಡೂ ಸಿಗುತ್ತದೆ.

ಖಾತೆಯೇ ಇಲ್ಲದ ನದಿ ಹೇಗಿರುತ್ತದೆ ಎಂದು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಜೋಗದ ಆಚೆ ದಡ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕು. ಅದೇ ತಾಲ್ಲೂಕಿನಲ್ಲಿ ಅಘನಾಶಿನಿ ನದಿ 116 ಮೀಟರ್ ಧುಮುಕುವ ಉಂಚಳ್ಳಿ ಜಲಪಾತವಿದೆ. ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಎಂದು ಅದಕ್ಕೆ 'ಕೆಪ್ಪ ಜೋಗ' ಎಂಬ ಹೆಸರೂ ಇದೆ. ಎತ್ತರ ಜೋಗದ ಅರ್ಧಕ್ಕಿಂತ ಕಡಿಮೆ. ಆದರೆ ಅಘನಾಶಿನಿಗೆ ಹುಟ್ಟಿನಿಂದ ಸಮುದ್ರದವರೆಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಬಿದ್ದ ಮಳೆಯೆಲ್ಲ ಜಲಪಾತದ ಮೇಲೇ ಹೋಗಬೇಕು. ಅಲ್ಲಿ ಯಾರೂ ಗೇಟು ತೆಗೆಯುವುದಿಲ್ಲ, ಹಾಕುವುದಿಲ್ಲ. ನವೆಂಬರ್‌ನಲ್ಲಿ ನಾನು, ಅಮ್ಮಿ, ಖಾಲಾ ಹೋದಾಗಲೂ ಎದೆ ನಡುಗುವಷ್ಟು ನೀರಿತ್ತು. ಖಾಲಾ ರೇಲಿಂಗ್ ಹಿಡಿದು ಒಂದು ಮಾತೂ ಆಡದೆ ನಿಂತಿದ್ದರು. ಅವರು ಮಾತಾಡದೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಳೆ ನಿಂತು ತಿಂಗಳಾದ ಮೇಲೂ ನೀರು ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ಕಾಡು. ಸಿದ್ದಾಪುರ ತಾಲ್ಲೂಕಿನಲ್ಲೇ ಕತ್ತಲೆಕಾನು ಎಂಬ ಕಾಡಿದೆ, ಹೆಸರಿಗೆ ತಕ್ಕ ಹಾಗೆ ಹಗಲಲ್ಲೂ ಕತ್ತಲು. ಅಲ್ಲಿ ರಾಮಪತ್ರೆ ಜಾತಿಯ ಮರಗಳು ಬೆಳೆಯುವ ಜೌಗು ಇದೆ. ಮರಗಳ ಬೇರು ಮಡಚಿದ ಮೊಣಕಾಲಿನ ಹಾಗೆ ನೀರಿನಿಂದ ಮೇಲೆದ್ದಿರುತ್ತದೆ, ಉಸಿರಾಡಲು. ಇಂಥ ಕಾಡಿನ ನೆಲದ ಮೇಲೆ ತರಗೆಲೆ ದಪ್ಪನೆ ಹಾಸಿರುತ್ತದೆ. ಮಳೆ ನೇರ ನೆಲಕ್ಕೆ ಹೊಡೆಯುವುದಿಲ್ಲ, ಓಡಿಹೋಗುವುದಿಲ್ಲ. ನಿಧಾನ ಇಂಗಿ ನಿಧಾನ ಹೊರಬರುತ್ತದೆ. ಲಿಂಗನಮಕ್ಕಿ ಸಿಮೆಂಟಿನ ಖಾತೆಯಾದರೆ ಇದು ಮಣ್ಣಿನ ಉಳಿತಾಯ ಖಾತೆ. ಕಾಡು ಬೋಳಾದ ಬೆಟ್ಟದ ಅಬ್ಬಿಗಳು ಜುಲೈನಲ್ಲಿ ಕೆಂಪಾಗಿ ಆರ್ಭಟಿಸಿ ನವೆಂಬರ್‌ಗೆ ಒಣಗುತ್ತವೆ.

ಅಣೆಕಟ್ಟಿಲ್ಲದ ನದಿಯಿಂದ ದುಡ್ಡು ಹುಟ್ಟುವುದಿಲ್ಲ ಎಂದೂ ತಿಳಿಯಬೇಡಿ. ಕುಮಟಾ ಹತ್ತಿರ ಅಘನಾಶಿನಿ ಸಮುದ್ರ ಸೇರುವ ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರು ತಮ್ಮ ತಮ್ಮ ಕಾಲಕ್ಕೆ ಬೆರೆಯುವುದರಿಂದ ಬಳಚು, ಅಂದರೆ ಚಿಪ್ಪಿನ ಜೀವಿ, ಹೇರಳವಾಗಿ ಬೆಳೆಯುತ್ತದೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಅದನ್ನು ಆರಿಸಿ ಮಾರಿ ಮನೆ ನಡೆಸುತ್ತಾರೆ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು. ಪಕ್ಕದ ಶರಾವತಿಯ ಅಳಿವೆಗೆ ವಿದ್ಯುದಾಗಾರದಿಂದ ವರ್ಷವಿಡೀ ಸಿಹಿನೀರು ಬರುತ್ತದೆ, ಉಪ್ಪು ಕಡಿಮೆ, ಬಳಚೂ ಕಡಿಮೆ. ಜೋಗದ ಮೇಲೆ ಮಾಡಿದ ಖರ್ಚು ಹೊನ್ನಾವರದ ಬುಟ್ಟಿಯಲ್ಲಿ ಕಾಣಿಸಿಕೊಂಡ ಹಾಗೆ.

ಇಷ್ಟೆಲ್ಲ ಹೇಳಿ ಮುಖ್ಯವಾದ್ದನ್ನು ಬಿಡಬಾರದು. ಜುಲೈನಲ್ಲೇ ಹೋಗೋಣ ಎನ್ನುವ ಗೆಳತಿಯರಿಗೆ ಇದು. ಪ್ರತಿ ಮಳೆಗಾಲ ಜಲಪಾತದಲ್ಲಿ ಯಾರಾದರೂ ಕೊಚ್ಚಿಹೋದ ಸುದ್ದಿ ಬರುತ್ತದೆ. ಹೆಚ್ಚಿನವರು ನಮ್ಮ ವಯಸ್ಸಿನವರೇ. ಜಿಲ್ಲಾಡಳಿತಗಳು ಆಗ ಕೆಲವು ಜಲಪಾತಗಳಿಗೆ ಪ್ರವೇಶ ನಿಲ್ಲಿಸುತ್ತವೆ. "ಮಳೆಯೇ ಇಲ್ಲ, ಬಿಸಿಲಿದೆ, ಯಾಕೆ ಬಿಡುವುದಿಲ್ಲ?" ಎಂದು ಗೇಟಿನಲ್ಲಿ ಜಗಳ ಆಡುವವರನ್ನು ನೋಡಿದ್ದೇನೆ. ಅವರಿಗೆ ಗೊತ್ತಾಗಬೇಕಾದ್ದು, ಜಲಪಾತದ ನೀರು ನಿಮ್ಮ ತಲೆಯ ಮೇಲಿನ ಮೋಡದಿಂದ ಬರುವುದಿಲ್ಲ, ಮೇಲೆ ಎಲ್ಲೋ ಐದು-ಹತ್ತು ಕಿಲೋಮೀಟರ್ ಆಚೆ ಬಿದ್ದ ಮಳೆಯಿಂದ ಬರುತ್ತದೆ.

ಎರಡು ವರ್ಷದ ಹಿಂದೆ ಹೊಸನಗರದ ಕಡೆ ಚಾಚಾರ ಗೆಳೆಯರೊಬ್ಬರ ತೋಟಕ್ಕೆ ಹೋಗಿದ್ದೆವು. ತೋಟದ ಹಿಂದೆ ಹೆಸರಿಲ್ಲದ ಸಣ್ಣ ಅಬ್ಬಿ, ಮೊಣಕಾಲು ನೀರು, ನಡುವೆ ಚಪ್ಪಟೆ ಬಂಡೆ. ಮಕ್ಕಳೆಲ್ಲ ಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟಿದ್ದರು. ಬಿಸಿಲಿತ್ತು. ತೋಟದವರು ಮೇಲಿಂದ ಒಂದೇ ಸಮನೆ ಕೂಗಿದರು: "ನೀರಿನ ಬಣ್ಣ ನೋಡಿ! ಏಳಿ, ಎಲ್ಲ ಮೇಲೆ ಬನ್ನಿ!" ನೋಡಿದರೆ ತಿಳಿಯಾಗಿದ್ದ ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತ್ತು. ಒಣ ಎಲೆ, ಕಡ್ಡಿ ತೇಲಿ ಬರುತ್ತಿತ್ತು. ಚಾಚಾ ಚಿಕ್ಕವರನ್ನು ಎತ್ತಿಕೊಂಡು ದಡ ಹತ್ತಿದರು. ಹತ್ತು ನಿಮಿಷ ಆಗಿರಲಿಕ್ಕಿಲ್ಲ, ಆ ಬಂಡೆ ಕಾಣಲಿಲ್ಲ. ಅದರ ಮೇಲೆ ಮನುಷ್ಯರ ಎತ್ತರಕ್ಕೆ ಕೆಂಪು ನೀರು ಹೋಗುತ್ತಿತ್ತು. ನನ್ನ ತಮ್ಮನ ಒಂದು ಜೊತೆ ಚಪ್ಪಲಿ ಹೋಯಿತು, ಅಷ್ಟೇ. ಅಮ್ಮಿ ಎಲ್ಲರ ತಲೆ ಎರಡೆರಡು ಸಲ ಎಣಿಸಿದರು.

ಆದ್ದರಿಂದ ನೀರಿನ ಬಣ್ಣ ಬದಲಾದರೆ, ಎಲೆಕಡ್ಡಿ ಬಂದರೆ, ಸದ್ದು ದಪ್ಪವಾದರೆ ಬ್ಯಾಗು, ಚಪ್ಪಲಿ ಹುಡುಕದೆ ಎತ್ತರಕ್ಕೆ ಹತ್ತಬೇಕು. ಜೋರಾಗಿ ಹರಿಯುವ ನೀರು ಮೊಣಕಾಲಿನಷ್ಟೇ ಇದ್ದರೂ ದೊಡ್ಡವರನ್ನೂ ಕೆಡವುತ್ತದೆ. ಬಂಡೆಯ ಮೇಲಿನ ಹಸಿರು ಪಾಚಿ ಸೋಪಿಗಿಂತ ಜಾರುತ್ತದೆ, ಅದರ ಮೇಲೆ ಸೆಲ್ಫಿಗೆ ಹಿಂದೆ ಹಿಂದೆ ಹೆಜ್ಜೆ ಇಡುವುದನ್ನು ನೆನೆಸಿಕೊಳ್ಳಿ. ಇನ್ನು ಜಲಪಾತದ ಬುಡದ ಗುಂಡಿ. ಮೇಲೆ ಬೆಳ್ಳಗೆ ನೊರೆ ಕಾಣುವ ಕಡೆ ನೀರಿನಲ್ಲಿ ಗಾಳಿ ಬೆರೆತಿರುತ್ತದೆ. ಅಂಥ ನೀರು ಮನುಷ್ಯರನ್ನು ತೇಲಿಸುವುದಿಲ್ಲ. ಜೊತೆಗೆ ಬಿದ್ದ ನೀರು ಕೆಳಗೆ ಸುತ್ತು ಹೊಡೆದು ಮತ್ತೆ ಧಾರೆಯ ಕಡೆಗೇ ಎಳೆಯುತ್ತದೆ. ತುಂಗಾ ಹೊಳೆಯಲ್ಲಿ ಚೆನ್ನಾಗಿ ಈಜುವ ಹುಡುಗರೂ ಅಲ್ಲಿ ಸೋಲುವುದು ಇದಕ್ಕೇ. ಒಬ್ಬರು ಬಿದ್ದರೆ ಇನ್ನೊಬ್ಬರು ಧುಮುಕಬೇಡಿ. ದುಪಟ್ಟಾ, ಹಗ್ಗ, ಕೋಲು ಏನಾದರೂ ಚಾಚಿ, ಊರವರನ್ನು ಕೂಗಿ.

ಮಾರ್ಚ್‌ನಲ್ಲಿ ಹೋಗೋಣ ಎನ್ನುವವರಿಗೂ ಒಂದು ಮಾತಿದೆ. ಆಗ ಜೋಗದಲ್ಲಿ ನೀರಿರುವುದಿಲ್ಲ ಎನ್ನುವುದು ಒಂದು. ಇನ್ನೊಂದು ಮಂಗನ ಕಾಯಿಲೆ. 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. ಉಣುಗಿನ ಕಡಿತದಿಂದ ಬರುತ್ತದೆ. ಡಿಸೆಂಬರ್‌ನಿಂದ ಮೇ ವರೆಗೆ, ತರಗೆಲೆ ಒಣಗಿರುವಾಗ ಹೆಚ್ಚು. ಮಳೆಗಾಲದ ಇಂಬಳ ರಕ್ತ ಕುಡಿದು ಬಿದ್ದುಹೋಗುತ್ತದೆ, ಅದಕ್ಕೆ ಕಿರುಚುವ ನಮ್ಮವರು ಉಣುಗನ್ನು ಗಮನಿಸುವುದೇ ಇಲ್ಲ. ಒಣಗಾಲದಲ್ಲಿ ಕಾಡುದಾರಿ ಹಿಡಿದರೆ ಮೈತುಂಬಾ ಬಟ್ಟೆ ಇರಲಿ, ತರಗೆಲೆಯ ಮೇಲೆ ಕೂರುವುದು ಬೇಡ, ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ, ವಾಪಸ್ ಬಂದು ಬಿಸಿನೀರಿನ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ತಿಳಿಸಿ. ಕೆಲ ದಿನದಲ್ಲಿ ಜೋರು ಜ್ವರ ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದನ್ನು ಹೇಳಲೇಬೇಕು.

ಹಾಗಾದರೆ ಯಾವಾಗ? ನನ್ನ ಮತ ಅಕ್ಟೋಬರ್, ದಸರಾ ರಜೆ ಮುಗಿದ ಮೇಲಿನ ವಾರ. ಒಳ್ಳೆಯ ಮಳೆಯ ವರ್ಷವಾದರೆ ಅಷ್ಟರಲ್ಲಿ ಲಿಂಗನಮಕ್ಕಿ ತುಂಬಿರುತ್ತದೆ, ಮಂಜು ಸರಿದಿರುತ್ತದೆ. ಆಗಸ್ಟ್‌ನಲ್ಲಿ ಜೋಗದ ಮುಂದೆ ಗಂಟೆಗಟ್ಟಲೆ ನಿಂತು ಬರೀ ಬಿಳಿ ಮಂಜು ನೋಡಿ ಬಂದವರು ಬೇಕಾದಷ್ಟಿದ್ದಾರೆ. ಶನಿವಾರ, ಭಾನುವಾರ ಜನ ಜಾಸ್ತಿ. ಶುಕ್ರವಾರ ಜುಮಾ ಹೊತ್ತಿಗೆ ದಾರಿಯಲ್ಲಿರಬೇಕಾಗುತ್ತದೆ. ಸೋಮವಾರದಿಂದ ಗುರುವಾರದೊಳಗೆ ಒಂದು ದಿನ ಸರಿ. ಬೆಳಿಗ್ಗೆ ಬೇಗ ಹೊರಟು ಮೊದಲು ಉಂಚಳ್ಳಿ, ಸಂಜೆ ಜೋಗ. ಉಂಚಳ್ಳಿ ಸಿದ್ದಾಪುರದಿಂದ 30 ಕಿ.ಮೀ. ಮೇಲೆ, ಹೆಗ್ಗರಣೆ ಕಡೆಯಿಂದ ಹೋಗಬೇಕು. ಕೊನೆಯ ಭಾಗ ಕಾಡಿನ ರಸ್ತೆ, ಮೊಬೈಲ್ ಸಿಗ್ನಲ್ ನಂಬಿಕೊಂಡು ಹೋಗಬೇಡಿ. ದೊಡ್ಡ ಬಸ್ಸು ಎಲ್ಲಿಯವರೆಗೆ ಹೋಗುತ್ತದೆ ಎಂದು ಸಿದ್ದಾಪುರದಲ್ಲೇ ಕೇಳಿಕೊಳ್ಳಬೇಕು.

ಕಾಲೇಜು ಬಸ್ಸಿಗೆ ಸೀಟು ಸಾಲದಿದ್ದರೆ ಹುಡುಗಿಯರಿಗೆ ಚಿಂತೆಯಿಲ್ಲ. ಸಾಗರದವರೆಗೆ ಸರ್ಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಟಿಕೆಟ್ ಸೊನ್ನೆ. ಹುಡುಗರು ತಾಳಗುಪ್ಪದವರೆಗೆ ರೈಲಿನಲ್ಲಿ ಬರಲಿ, ಅಲ್ಲಿಂದ ಜೋಗ ಹತ್ತಿರ. ಊಟ ಮನೆಯಿಂದಲೇ ಸ್ಟೀಲ್ ಡಬ್ಬಿಯಲ್ಲಿ ತರುವುದು ಒಳ್ಳೆಯದು, ಪ್ಲಾಸ್ಟಿಕ್ ತಟ್ಟೆ ತಂದರೆ ಅದನ್ನು ಹೊತ್ತು ವಾಪಸ್ ತರುವವರು ಯಾರು ಎಂದು ಮೊದಲೇ ಹೆಸರು ಬರೆದುಕೊಳ್ಳಿ. ಲಿಂಗನಮಕ್ಕಿ ಮಟ್ಟದ ನನ್ನ ನೋಟ್‌ಬುಕ್ಕು ಲೈಬ್ರರಿಯ ಪತ್ರಿಕೆಗಳ ಮೇಜಿನ ಮೇಲೆ ಇಟ್ಟಿರುತ್ತೇನೆ. ನಾನು ಗೈರಾದ ದಿನ ಯಾರಾದರೂ ಆ ದಿನದ ಅಂಕಿ ಬರೆದಿಡಿ.